ಗುರುವನ್ನು ಸೋಲಿಸಿ ಋಣ ತೀರಿಸುವ ಆಟ: ಶೋಗಿ ಕತೆ ಬರೆಯುವವರಿಗೆ

2018ರ ಮಾರ್ಚ್ 8, ಗುರುವಾರ. ನಗೋಯಾದಲ್ಲಿ ಮನೆ ಹತ್ತಿರದ ಸಮುದಾಯ ಭವನಕ್ಕೆ ಎಂದಿನ ಹಾಗೆ ಶೋಗಿ, ಅಂದರೆ ಜಪಾನಿನ ಚದುರಂಗ, ಕಲಿಯಲು ಹೋಗಿದ್ದೆ. ನನಗೆ ಕಲಿಸುತ್ತಿದ್ದ ಅಜ್ಜ ಅವತ್ತು ಕಾಯಿ ಜೋಡಿಸಲೇ ಇಲ್ಲ. ಕನ್ನಡಕ ಹಣೆಗೇರಿಸಿ ಫೋನಿನಲ್ಲಿ ಒಂದು ಆಟದ ನಡೆಗಳನ್ನು ನೋಡುತ್ತಾ ಕೂತಿದ್ದರು. ಒಸಾಕಾದಲ್ಲಿ 15 ವರ್ಷದ ಫುಜಿಯಿ ಸೋತಾ ಮೊದಲ ಬಾರಿಗೆ ತನ್ನ ಗುರು ಸುಗಿಮೋತೋ ಮಸಾತಾಕಾ ಅವರ ಎದುರು ಅಧಿಕೃತ ಪಂದ್ಯ ಆಡಿದ ದಿನ ಅದು. ಮೊದಲ ಆಟದಲ್ಲಿ ಒಂದೇ ಸ್ಥಿತಿ ಮತ್ತೆ ಮತ್ತೆ ಬಂದು ಆಟ ರದ್ದಾಯಿತು. ಇನ್ನೊಂದು ಆಟ ಆಡಿದರು. ಹುಡುಗ ಗೆದ್ದ. ಅಜ್ಜ ಫೋನ್ ಕೆಳಗಿಟ್ಟು ಮೆಲ್ಲಗೆ ಒಂದೇ ಮಾತು ಹೇಳಿದರು: "ಒನ್‌ಗಾಯೇಶಿ."

ಅಂದರೆ ಪಡೆದ ಉಪಕಾರವನ್ನು ತೀರಿಸುವುದು. ಶಿಷ್ಯ ಅಧಿಕೃತ ಪಂದ್ಯದಲ್ಲಿ ಗುರುವನ್ನು ಸೋಲಿಸಿದರೆ ಶೋಗಿಯವರು ಅದನ್ನು ಹೀಗೆ ಕರೆಯುತ್ತಾರೆ. ನನ್ನ ನಾಲಿಗೆ ತುದಿಗೆ ಬಂದಿದ್ದ ಮಾತು ಬೇರೆ. ನಾವು ಇಂಥದ್ದಕ್ಕೆ "ಗುರುವಿಗೇ ತಿರುಮಂತ್ರ" ಅನ್ನುತ್ತೇವೆ, ಅಲ್ವಾ? ನಮ್ಮ ಮಾತಿನಲ್ಲಿ ಬೈಗುಳ ಇದೆ. ಅವರ ಮಾತಿನಲ್ಲಿ ಕೃತಜ್ಞತೆ ಇದೆ. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಇದೇ ತಲೆಯಲ್ಲಿತ್ತು.

ನಾನು 2016ರಿಂದ 2019ರವರೆಗೆ ನಗೋಯಾದಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಕೆಲಸ ಮಾಡಿದೆ. ಸೋತಾ ಅದೇ ಆಯಿಚಿ ಪ್ರಾಂತ್ಯದ ಸೆತೋ ಊರಿನ ಹುಡುಗ. 2017ರ ಜೂನ್‌ನಲ್ಲಿ ಅವನು ಸತತ 29 ಆಟ ಗೆದ್ದು ದಾಖಲೆ ಮಾಡಿದಾಗ ನಮ್ಮ ಆಫೀಸಿನಲ್ಲಿ ಬೇರೆ ಮಾತೇ ಇರಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ "ಗೆದ್ದ ಅಂತೀಯ, ಸೋತಾ ಅಂತೀಯ, ಯಾವುದು ನಿಜ?" ಅಂದಿದ್ದರು. ಆ ಗಲಾಟೆಯಲ್ಲೇ ನಾನು ಆಟ ಕಲಿತೆ, ಆಟದ ಕತೆಗಳನ್ನು ಓದಿದೆ, ಆಮೇಲೆ ಬರೆಯಲೂ ಶುರುಮಾಡಿದೆ.

ಈಗ ಮಂಗಾ (ಜಪಾನಿನ ಚಿತ್ರಕತೆ), ಅನಿಮೆ (ಅಲ್ಲಿನ ಕಾರ್ಟೂನ್) ನೋಡಿ ತಾವೂ ಬರೆಯಬೇಕು ಅಂತ ಆಸೆಪಡುವ ಕನ್ನಡದ ಹುಡುಗ ಹುಡುಗಿಯರು ನನಗೆ ಕರಡು ಕಳಿಸುತ್ತಾರೆ. ಆಟದ ಭಾಗ ಚೆನ್ನಾಗಿಯೇ ಇರುತ್ತದೆ. ಗುರು ಶಿಷ್ಯರ ಭಾಗದಲ್ಲಿ ಮಾತ್ರ ಎಡವುತ್ತಾರೆ. ನನ್ನ ಮೊದಲ ಕತೆಯಲ್ಲೂ ಅದೇ ಆಗಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದ್ರೋಣರನ್ನು ಪಕ್ಕಕ್ಕಿಡಿ

ಗುರು ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ವಿದ್ಯೆ ಧಾರೆ ಎರೆಯುವ ಮನುಷ್ಯ. ಶೋಗಿಯ ಗುರು ಹಾಗಲ್ಲ. ಅವರಿಗೆ ಶಿಶೋ ಅನ್ನುತ್ತಾರೆ. ಶಿಷ್ಯನಿಗೆ ಜಪಾನಿನವರು ಹೇಳುವ ಪದ ನಮ್ಮ 'ದೇಶಿ' ಥರವೇ ಕೇಳಿಸುವುದರಿಂದ, ಗೊಂದಲ ಬೇಡ ಅಂತ ನಾನು ಕತೆಯಲ್ಲಿ ಶಿಷ್ಯ ಅಂತಲೇ ಬರೆಯುತ್ತೇನೆ. ಶಿಶೋವನ್ನು ಮಾತ್ರ ಹಾಗೇ ಬಿಡಿ. 'ಗುರುಗಳೇ' ಅಂತ ಬರೆದ ತಕ್ಷಣ ಕಾವಿ ಬಟ್ಟೆ, ಆಶ್ರಮ ಎಲ್ಲ ನುಗ್ಗಿಬಿಡುತ್ತದೆ.

ವೃತ್ತಿಪರ ಆಟಗಾರ ಆಗಲು ಜಪಾನ್ ಶೋಗಿ ಸಂಘದ ಶೋರೇಕಾಯ್ ಅನ್ನುವ ತರಬೇತಿ ಸಂಸ್ಥೆಗೆ ಸೇರಬೇಕು. ಸೇರಲು ಒಬ್ಬ ವೃತ್ತಿಪರರ ಶಿಫಾರಸು ಬೇಕು. ಆ ಶಿಫಾರಸು ಕೊಡುವವರೇ ಶಿಶೋ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಜಾಮೀನು ನಿಂತವರು. ಹತ್ತು ಹನ್ನೊಂದು ವರ್ಷದ ಮಗು ಮುಂದೆ ಹೇಗೆ ನಡೆದುಕೊಳ್ಳುತ್ತದೋ ಅದಕ್ಕೆಲ್ಲ ಇವರ ಹೆಸರು ಅಂಟಿಕೊಂಡಿರುತ್ತದೆ.

ಹಾಗಾದರೆ ಆಟ ಕಲಿಸುವವರು ಯಾರು? ಹಳೆಯ ಪದ್ಧತಿಯ ಬಗ್ಗೆ ಒಂದು ಮಾತಿದೆ. ಶಿಶೋ ಶಿಷ್ಯನ ಜೊತೆ ಆಡುವುದು ಎರಡೇ ಸಲ: ಬಾಗಿಲಿಗೆ ಬಂದಾಗ ಒಮ್ಮೆ, ಬಿಟ್ಟು ಹೋಗುವಾಗ ಇನ್ನೊಮ್ಮೆ. ಈ ಎರಡನೆಯದನ್ನು ಸ್ವಲ್ಪ ಯೋಚಿಸಿ. ಶಿಷ್ಯನಿಗೆ ಆಟ ಕೈಹತ್ತಲಿಲ್ಲ, ಊರಿಗೆ ಹೊರಟಿದ್ದಾನೆ. ಆಗ ಶಿಶೋ ಮಣೆ ಎಳೆದು "ಬಾ, ಕೂತ್ಕೋ" ಅನ್ನುತ್ತಾರೆ. ಈಗಿನ ಶಿಶೋಗಳು ಜಾಸ್ತಿ ಆಡಿಸುತ್ತಾರೆ, ಕಾಲ ಬದಲಾಗಿದೆ. ಆದರೂ ಕತೆಗೆ ಈ ಲೆಕ್ಕ ತುಂಬ ಬೆಲೆಬಾಳುತ್ತದೆ. ನಿಮ್ಮ ಕತೆಯಲ್ಲಿ ಗುರು ಶಿಷ್ಯರು ಒಟ್ಟು ಎಷ್ಟು ಆಟ ಆಡುತ್ತಾರೆ ಅಂತ ಮೊದಲೇ ನಿರ್ಧರಿಸಿ. ನಾನು ಮೂರಕ್ಕಿಂತ ಜಾಸ್ತಿ ಬಿಡುವುದಿಲ್ಲ.

ಆಡುವುದಿಲ್ಲ, ಪಾಠ ಹೇಳುವುದಿಲ್ಲ ಅಂದಮೇಲೆ ಪ್ರೀತಿಯನ್ನು ತೋರಿಸುವುದು ಎಲ್ಲಿ? ಇದಕ್ಕೆ ಉತ್ತರ ಶಿಶೋ ಮೋರಿ ನೋಬುಓ ಮತ್ತು ಅವರ ಶಿಷ್ಯ ಮುರಾಯಾಮಾ ಸಾತೋಶಿ ಅವರ ಬದುಕಿನಲ್ಲಿದೆ. ಹಿರೋಶಿಮಾ ಕಡೆಯ ಮುರಾಯಾಮಾಗೆ ಚಿಕ್ಕಂದಿನಿಂದ ಮೂತ್ರಪಿಂಡದ ಕಾಯಿಲೆ. ಯಾರ ಶಿಷ್ಯ ಆಗಬೇಕು ಅನ್ನುವ ಗೊಂದಲದಲ್ಲೇ ಅವನು ಶೋರೇಕಾಯ್ ಸೇರುವುದು ಒಂದು ವರ್ಷ ತಡವಾಯಿತು. ಎಷ್ಟು ಕಾಲ ಬದುಕುತ್ತೇನೋ ಗೊತ್ತಿಲ್ಲದ ಹುಡುಗನಿಗೆ ಒಂದು ವರ್ಷ ಅಂದರೆ ಏನು ಅಂತ ಊಹಿಸಿಕೊಳ್ಳಿ. ಒಸಾಕಾದಲ್ಲಿ ಮೋರಿ ಅವನನ್ನು ನೋಡಿಕೊಂಡರು. ಮೈ ಬಿಸಿಯಾಗಿ ಮಲಗಿದ್ದಾಗ ಅವನು ಓದುವ ಹುಡುಗಿಯರ ಮಂಗಾ ಪುಸ್ತಕಗಳಿಗಾಗಿ ಅಂಗಡಿ ಸುತ್ತಿದರು. ಅವನ ತಲೆಕೂದಲು ತೊಳೆದರು. ಶಿಷ್ಯ ಗುರುವಿನ ಸೇವೆ ಮಾಡುವುದು ರೂಢಿ. ಇಲ್ಲಿ ಗುರು ಶಿಷ್ಯನ ಸೇವೆ ಮಾಡಿದರು. ಮುರಾಯಾಮಾ 1998ರಲ್ಲಿ, 29ನೇ ವಯಸ್ಸಿನಲ್ಲಿ ತೀರಿಕೊಂಡ. ಅವರಿಬ್ಬರ ಬಗ್ಗೆ ಯಾವಾಗ ಓದಿದರೂ ನನಗೆ ನೆನಪಾಗಿ ಉಳಿಯುವುದು ಆಟಗಳಲ್ಲ. ಒದ್ದೆ ತಲೆ ಮತ್ತು ಮಂಗಾ ಪುಸ್ತಕದ ಕಟ್ಟು.

ಆದ್ದರಿಂದ ಹೀಗೆ ಮಾಡಿ: ಶಿಶೋ ಶಿಷ್ಯನಿಗಾಗಿ ಮಾಡುವ ಒಂದು ಕೆಲಸ ಹುಡುಕಿ. ಅದು ಆಟಕ್ಕೆ ಸಂಬಂಧವೇ ಇಲ್ಲದ್ದಾಗಿರಲಿ. ಬಾಡಿಗೆ ಮನೆ ಹುಡುಕಿಕೊಡುವುದು, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು, ಶಾಲೆ ಬಿಡ್ತೀನಿ ಅಂತ ಹಟ ಹಿಡಿದವನ ಅಮ್ಮನ ಹತ್ತಿರ ಹೋಗಿ ತಲೆ ತಗ್ಗಿಸಿ ಕೂರುವುದು. ಆ ಕೆಲಸವನ್ನು ಕತೆಯ ಮೊದಲ ಮೂರು ಪುಟದಲ್ಲೇ ತನ್ನಿ. ಅದಕ್ಕೆ ವಿವರಣೆ ಕೊಡಬೇಡಿ.

ಪ್ರೀತಿಗೆ ಬೆಲೆ ತೆರಬೇಕಾದ ಕತೆಯೂ ಬೇಕು ಅಂದರೆ ಉಮಿನೋ ಚಿಕಾ ಅವರ 'ಸಂಗತ್ಸು ನೋ ರಾಯಿಓನ್' ಮಂಗಾ ನೋಡಿ. 2007ರಲ್ಲಿ ಶುರುವಾದದ್ದು. ಅಪಘಾತದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡ ಹುಡುಗನನ್ನು ಅಪ್ಪನ ಗೆಳೆಯ, ವೃತ್ತಿಪರ ಆಟಗಾರ, ಕೇಳುತ್ತಾನೆ: ನಿನಗೆ ಶೋಗಿ ಇಷ್ಟವಾ? ಹುಡುಗ ಹೌದು ಅನ್ನುತ್ತಾನೆ. ಅದು ಸುಳ್ಳು. ಹೋಗಲು ಬೇರೆ ಜಾಗ ಇಲ್ಲ, ಅಷ್ಟೆ. ಆ ಒಂದು ಸುಳ್ಳಿನಿಂದ ಅವನಿಗೆ ಮನೆ ಸಿಗುತ್ತದೆ. ಅವನು ಬೆಳೆದ ಹಾಗೆ ಆ ಮನೆಯ ಸ್ವಂತ ಮಕ್ಕಳು ಆಟದಿಂದ ಹೊರಗೆ ಬೀಳುತ್ತಾರೆ. ಶಿಶೋ ಕೆಟ್ಟವನಲ್ಲ, ಹುಡುಗ ಕೆಟ್ಟವನಲ್ಲ. ಆದರೂ ಮನೆ ಒಡೆಯುತ್ತದೆ. ಖಳನಾಯಕ ಗುರುವನ್ನು ಬರೆಯಲು ಹೊರಟವರು ಇದನ್ನು ಒಮ್ಮೆ ನೋಡಿ ಆಮೇಲೆ ಬರೆಯಿರಿ.

ಮೊದಲು ವಯಸ್ಸು, ಆಮೇಲೆ ಹೆಸರು

ಪಾತ್ರಕ್ಕೆ ಹೆಸರಿಡುವ ಮೊದಲು ಹುಟ್ಟಿದ ವರ್ಷ ಬರೆದುಕೊಳ್ಳಿ. ಶೋರೇಕಾಯ್‌ನಲ್ಲಿ ಗಡಿಯಾರಕ್ಕಿಂತ ಕ್ಯಾಲೆಂಡರ್ ಭಯಂಕರ. 21ರೊಳಗೆ ಮೊದಲ ದಾನ್, ಅಂದರೆ ಮೊದಲ ದರ್ಜೆ, ಆಗಬೇಕು, 26ರೊಳಗೆ ನಾಲ್ಕನೇ ದಾನ್. ನಾಲ್ಕನೇ ದಾನ್ ಬಂದರೆ ವೃತ್ತಿಪರ. ಬರದಿದ್ದರೆ ಹೊರಗೆ. ಸ್ವಲ್ಪ ವಿನಾಯಿತಿ ಇದೆ, ಆದರೆ ಅದೂ ಗೆಲ್ಲುತ್ತಿರುವವರಿಗೆ ಮಾತ್ರ. ಮೂರನೇ ದಾನ್‌ನವರಿಗೆ ಆರು ತಿಂಗಳಿಗೊಂದು ಲೀಗ್, ತಲಾ 18 ಆಟ. ಮೊದಲ ಇಬ್ಬರು ಮೇಲೆ ಹೋಗುತ್ತಾರೆ. ಅಂದರೆ ಇಡೀ ದೇಶದಲ್ಲಿ ಈ ದಾರಿಯಿಂದ ವರ್ಷಕ್ಕೆ ನಾಲ್ಕೇ ಜನ.

ಸಮಾನ ಗೆಲುವು ಬಂದರೆ ಹಿಂದಿನ ಲೀಗಿನ ಸ್ಥಾನ ನೋಡುತ್ತಾರೆ. 2020ರ ಮಾರ್ಚ್‌ನಲ್ಲಿ ನಿಶಿಯಾಮಾ ತೋಮೋಕಾ 14 ಗೆದ್ದು 4 ಸೋತರು. ಮೇಲೆ ಹೋಗಿದ್ದರೆ ವೃತ್ತಿಪರ ದರ್ಜೆಯ ಮೊದಲ ಮಹಿಳೆ ಆಗುತ್ತಿದ್ದರು. ಸ್ಥಾನದ ಲೆಕ್ಕದಲ್ಲಿ ಮೂರನೆಯವರಾದರು. ಆಮೇಲೆ ಬೇರೆ ದಾರಿಯಿಂದ ವೃತ್ತಿಪರ ಪರೀಕ್ಷೆಗೆ ಕೂತು, ಐದು ಆಟದಲ್ಲಿ ಎರಡು ಗೆದ್ದು, 2025ರ ಜನವರಿಯಲ್ಲಿ ಕೊನೆಯದನ್ನು ಸೋತರು. ಹೆಂಗಸಾಗಿ ಆ ಸುದ್ದಿ ಓದಿದ ದಿನ ನನಗೆ ಅಡುಗೆ ಮಾಡಲು ಮನಸ್ಸಾಗಲಿಲ್ಲ. ಕತೆಗಾರರು ಇದರಿಂದ ಕಲಿಯಬೇಕಾದ್ದು ಇಷ್ಟು: ಇಲ್ಲಿ ಎದುರಾಳಿ ಅಂದರೆ ಎದುರು ಕೂತವನಷ್ಟೇ ಅಲ್ಲ. ಪಕ್ಕದ ಕೋಣೆಯಲ್ಲಿ, ಬೇರೆ ಯಾರ ಜೊತೆಯೋ ಆಡುತ್ತಿರುವ ನಿಮ್ಮ ಆಪ್ತ ಗೆಳೆಯ ಗೆದ್ದರೂ ನಿಮ್ಮ ಬದುಕು ಮುಗಿಯಬಹುದು.

ಹೊರಗೆ ಬಿದ್ದವರ ಕತೆಯೂ ಕತೆಯೇ. ಸೆಗಾವಾ ಶೋಜಿ 1996ರಲ್ಲಿ 26ಕ್ಕೆ ಹೊರಬಿದ್ದು, ಕೆಲಸಕ್ಕೆ ಸೇರಿ, ಹವ್ಯಾಸಿಯಾಗಿ ಆಡುತ್ತಲೇ ಇದ್ದು, ವಿಶೇಷ ಪರೀಕ್ಷೆ ಗೆದ್ದು 2005ರಲ್ಲಿ ವೃತ್ತಿಪರರಾದರು. ಆ ಕತೆಯಲ್ಲಿ ನನಗೆ ತುಂಬ ಇಷ್ಟವಾದ ಪಾತ್ರ ಶಿಶೋ ಅಲ್ಲ, ಪ್ರಾಥಮಿಕ ಶಾಲೆಯ ಟೀಚರ್. ಪರೀಕ್ಷೆಯ ಸಮಯದಲ್ಲಿ ಒಂದು ಪೋಸ್ಟ್‌ಕಾರ್ಡ್ ಕಳಿಸಿದವರು ಅವರು. ಗುರು ಅಂದರೆ ಶೋಗಿ ಬಲ್ಲವರೇ ಆಗಿರಬೇಕಿಲ್ಲ.

ಇನ್ನೊಂದು ವಿಷಯ, ಇದನ್ನು ಬಳಸಿದವರನ್ನು ನಾನು ಕಮ್ಮಿ ನೋಡಿದ್ದೇನೆ. ವೃತ್ತಿಪರರ ಪಂದ್ಯದಲ್ಲಿ ನಡೆ ಬರೆದುಕೊಳ್ಳುವವರು, ಸಮಯ ಮುಗಿದ ಮೇಲೆ ಗಟ್ಟಿಯಾಗಿ ಸೆಕೆಂಡ್ ಎಣಿಸುವವರು, ಶೋರೇಕಾಯ್‌ನ ಮಕ್ಕಳೇ. "ಐವತ್ತು ಸೆಕೆಂಡ್. ಒಂದು, ಎರಡು, ಮೂರು..." ಹೀಗೆ. ನಿಮ್ಮ ಶಿಷ್ಯನನ್ನು ಆ ಜಾಗದಲ್ಲಿ ಕೂರಿಸಿ. ಮುಂದೆ ಅವನ ಶಿಶೋ ಸೋಲುತ್ತಿದ್ದಾರೆ. ಎಣಿಸುವ ದನಿ ಅವನದೇ. ನಡುಗುವ ಹಾಗಿಲ್ಲ, ನಿಧಾನ ಮಾಡುವ ಹಾಗಿಲ್ಲ.

ಎದುರಾಳಿಯನ್ನು ಒಂದೇ ಸೂರಿನಡಿ ಹುಡುಕಿ

ಕರಡುಗಳಲ್ಲಿ ಎದುರಾಳಿ ಯಾವಾಗಲೂ ದೂರದಿಂದ ಬರುತ್ತಾನೆ. ಸೊಕ್ಕು, ಶ್ರೀಮಂತಿಕೆ, ಒಂದು ವಕ್ರ ನಗು. ದಯವಿಟ್ಟು ಬೇಡ. ಶೋಗಿಯ ನಿಜವಾದ ಸ್ಪರ್ಧೆಗಳು ಒಂದೇ ಮನೆಯಲ್ಲಿ ಹುಟ್ಟಿವೆ.

ಮಸುದಾ ಕೋಜೋ ಮತ್ತು ಓಯಾಮಾ ಯಸುಹಾರು ಇಬ್ಬರೂ ಒಸಾಕಾದ ಕಿಮಿ ಕಿಂಜಿರೋ ಅವರ ಶಿಷ್ಯರು. ಮಸುದಾ ಐದು ವರ್ಷ ದೊಡ್ಡವರು, ಮೊದಲೇ ಬಂದವರು. ಹೀಗೆ ಮೊದಲು ಬಂದವನನ್ನು ಅಣ್ಣ, ಆಮೇಲೆ ಬಂದವನನ್ನು ತಮ್ಮ ಅಂತಲೇ ಲೆಕ್ಕ ಹಾಕುತ್ತಾರೆ. ಹಿಂದೂಸ್ತಾನಿ ಸಂಗೀತದವರು ಹೇಳುವ ಗುರುಬಂಧು ಇದ್ದ ಹಾಗೆ. ಮಸುದಾ ಹದಿಮೂರರ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿಹೋಗುವಾಗ ಅಮ್ಮನ ಬಟ್ಟೆ ಅಳೆಯುವ ಕೋಲಿನ ಹಿಂದೆ ಒಂದು ಶಪಥ ಬರೆದಿಟ್ಟರು: ಮೇಜಿನ್‌ಗೆ ಒಂದು ಕ್ಯೋಶಾ ಬಿಟ್ಟುಕೊಟ್ಟು ಗೆಲ್ಲುತ್ತೇನೆ ಅಂತ. ಮೇಜಿನ್ ಅಂದರೆ ಆಗಿನ ಕಾಲಕ್ಕೆ ಆಟದ ಅತಿ ದೊಡ್ಡ ಪಟ್ಟ. ಕ್ಯೋಶಾ ಅಂದರೆ ಮುಂದಕ್ಕೆ ಮಾತ್ರ ಓಡುವ, ಮಣೆಯ ಮೂಲೆಯ ಕಾಯಿ. ಬಲವಾದವನು ಬಲ ಕಮ್ಮಿ ಇದ್ದವನಿಗೆ ತನ್ನ ಕಾಯಿ ತೆಗೆದಿಟ್ಟು ಆಡುವುದು ರೂಢಿ. ದೇಶದ ದೊಡ್ಡ ಆಟಗಾರನಿಗೆ ಹಾಗೆ ಮಾಡುತ್ತೇನೆ ಅನ್ನುವುದು ಹುಚ್ಚು ಮಾತು.

1956ರಲ್ಲಿ ಓಶೋ ಅನ್ನುವ ಇನ್ನೊಂದು ಪಟ್ಟದ ಸರಣಿಯಲ್ಲಿ ಮಸುದಾ ಅದನ್ನು ಮಾಡಿಯೇ ಬಿಟ್ಟರು. ಆಗ ಮೇಜಿನ್ ಆಗಿದ್ದವರು ಯಾರು? ಓಯಾಮಾ. ಒಂದೇ ಮನೆಯಲ್ಲಿ ಉಂಡ ತಮ್ಮ. ಅದಕ್ಕೂ ಮುಂಚೆ, 1948ರಲ್ಲಿ, ಕೋಯಾ ಬೆಟ್ಟದಲ್ಲಿ ಇದೇ ತಮ್ಮನ ಎದುರು ಮಸುದಾ ಗೆದ್ದೇ ಬಿಟ್ಟಿದ್ದ ಆಟವನ್ನು ಒಂದು ತಪ್ಪು ನಡೆಯಿಂದ ಕಳೆದುಕೊಂಡಿದ್ದರು. ಇಂಥ ಕತೆಯನ್ನು ನಾವು ಕಟ್ಟಿದ್ದರೆ ಓದುವವರು "ಇದು ಅತಿಯಾಯ್ತು" ಅನ್ನುತ್ತಿದ್ದರು.

ಬರೆಯುವಾಗ ನಾನು ಮಾಡುವುದು ಹೀಗೆ. ಒಂದು ಹಾಳೆಯ ಎಡಗಡೆ ಅಣ್ಣ, ಬಲಗಡೆ ತಮ್ಮ. ಇಬ್ಬರಿಗೂ ಶಿಶೋ ಕೊಟ್ಟದ್ದು, ಕೊಡದೇ ಹೋದದ್ದು ಬರೆದುಕೊಳ್ಳುತ್ತೇನೆ. ಅಣ್ಣನಿಗೆ ಬೈಗುಳ ಸಿಕ್ಕಿರುತ್ತದೆ, ತಮ್ಮನಿಗೆ ಮೌನ. ಇಬ್ಬರೂ ಇನ್ನೊಬ್ಬನಿಗೆ ಸಿಕ್ಕಿದ್ದೇ ಪ್ರೀತಿ ಅಂದುಕೊಂಡಿರುತ್ತಾರೆ. ಅಷ್ಟು ಬಂದರೆ ಕತೆ ತಾನಾಗೇ ನಡೆಯುತ್ತದೆ.

ಎದುರಾಳಿ ಗೆಳೆಯನೂ ಆಗಿರಬಹುದು. ಹಾಬು ಯೋಶಿಹಾರು ಮತ್ತು ಮೋರಿಉಚಿ ತೋಶಿಯುಕಿ ಇಬ್ಬರೂ 1970ರಲ್ಲಿ ಹುಟ್ಟಿದವರು, ಪ್ರಾಥಮಿಕ ಶಾಲೆಯ ದಿನಗಳಿಂದ ಮಕ್ಕಳ ಪಂದ್ಯಗಳಲ್ಲಿ ಎದುರು ಬದುರು ಕೂತವರು. 1996ರಲ್ಲಿ ಆಗ ಇದ್ದ ಏಳೂ ಪಟ್ಟ ಒಟ್ಟಿಗೆ ಹಿಡಿದವರು ಹಾಬು. ಆದರೆ ಐದು ಸಲ ಮೇಜಿನ್ ಆದವರಿಗೆ ಸಿಗುವ ಶಾಶ್ವತ ಮೇಜಿನ್ ಗೌರವ ಮೊದಲು ಸಿಕ್ಕಿದ್ದು ಮೋರಿಉಚಿಗೆ, 2007ರಲ್ಲಿ. ಹಾಬುಗೆ ಅದರ ಮರುವರ್ಷ. ಗೆಲುವು ಕಣ್ಣಿಗೆ ಬಿದ್ದಾಗ ಹಾಬು ಅವರ ಬೆರಳು ನಡುಗುತ್ತದೆ ಅನ್ನುವುದು ಆಟ ನೋಡುವ ಎಲ್ಲರಿಗೂ ಗೊತ್ತು. ನಲವತ್ತು ವರ್ಷ ಆ ಕೈಯನ್ನು ಎದುರಿಂದ ನೋಡಿದವನಿಗೆ ಆ ನಡುಕ ಏನು ಹೇಳುತ್ತದೆ? ಮಣೆ ನೋಡಬೇಕಾಗಿಲ್ಲ. ಕೈ ನೋಡಿದರೆ ಸಾಕು.

ಸೋತಾಗೂ ಇಂಥವರಿದ್ದಾರೆ. ನಗಾಸೆ ತಕುಯಾ ಅವನ ಜೊತೆ ಕೂತು ವರ್ಷಗಟ್ಟಲೆ ಅಭ್ಯಾಸ ಮಾಡಿದವರು. 2023ರ ಅಕ್ಟೋಬರ್‌ನಲ್ಲಿ ಸೋತಾ ಎಂಟೂ ಪಟ್ಟ ಪೂರ್ತಿ ಮಾಡಿದ್ದು ಅದೇ ನಗಾಸೆ ಕೈಯಿಂದ ಎಂಟನೆಯದನ್ನು ಕಿತ್ತುಕೊಂಡು. ಗೆಲ್ಲುವ ಸ್ಥಿತಿಯಲ್ಲಿದ್ದ ನಗಾಸೆ ಕೊನೆಗಳಿಗೆಯಲ್ಲಿ ಒಂದು ತಪ್ಪು ನಡೆದು, ಗೊತ್ತಾದ ಕೂಡಲೇ ತಲೆಕೂದಲೊಳಗೆ ಕೈ ಹಾಕಿಕೊಂಡು ಒದ್ದಾಡಿದ್ದನ್ನು ನಾನು ಇಲ್ಲಿ ಬೆಂಗಳೂರಿನಲ್ಲಿ ಕೂತು ನೋಡಿದೆ. ಇನ್ನು ಇತೋ ತಕುಮಿ. ಮೂರನೇ ಕ್ಲಾಸಿನಲ್ಲಿದ್ದಾಗ ಮಕ್ಕಳ ಪಂದ್ಯವೊಂದರಲ್ಲಿ ಸೋತಾನನ್ನು ಸೋಲಿಸಿ ಅಳಿಸಿದ್ದ ಹುಡುಗ. 2024ರ ಜೂನ್‌ನಲ್ಲಿ ಎಂಟರಲ್ಲಿ ಒಂದು ಪಟ್ಟವನ್ನು ಮೊದಲು ಕಸಿದುಕೊಂಡವನೂ ಅವನೇ. ಇಬ್ಬರಿಗೂ ಆಗ 21.

ಮಣೆಯಿಂದ ಎಷ್ಟು ತೆಗೆದುಕೊಳ್ಳಬೇಕು

ತುಂಬ ಕಮ್ಮಿ. 81 ಮನೆ, ಒಬ್ಬೊಬ್ಬರಿಗೆ 20 ಕಾಯಿ, ಇಷ್ಟು ಹೇಳಿ ಮುಂದೆ ಹೋಗಿ. ನಡೆಗಳ ಪಟ್ಟಿ ಬೇಡ. ಒಂದು ಕತೆಗೆ ಒಂದೇ ಒಂದು ನಡೆ ಆರಿಸಿಕೊಳ್ಳಿ, ಅದನ್ನು ಓದುವವರಿಗೆ ಪೂರ್ತಿ ಅರ್ಥಮಾಡಿಸಿ.

ಆದರೆ ಒಂದು ನಿಯಮ ಹೇಳಲೇಬೇಕು. ಶೋಗಿಯಲ್ಲಿ ಎರಡೂ ಕಡೆಯ ಕಾಯಿಗೆ ಒಂದೇ ಬಣ್ಣ. ಮೂತಿ ಯಾವ ಕಡೆ ಇದೆ ಅನ್ನುವುದರ ಮೇಲೆ ಅದು ಯಾರದು ಅಂತ ಗೊತ್ತಾಗುತ್ತದೆ. ಹೊಡೆದ ಕಾಯಿ ಸಾಯುವುದಿಲ್ಲ. ಹೊಡೆದವನ ಪಕ್ಕದ ಚಿಕ್ಕ ಪೀಠದ ಮೇಲೆ ಕೂತು, ಬೇಕಾದಾಗ ಅವನ ಪರವಾಗಿ ಮಣೆಗೆ ಇಳಿಯುತ್ತದೆ. ನೀವು ಕಳೆದುಕೊಂಡದ್ದೇ ನಿಮ್ಮ ಮೇಲೆ ಬರುತ್ತದೆ. ಗುರುವಿನಿಂದ ಕಲಿತದ್ದನ್ನು ಗುರುವಿನ ಮೇಲೇ ಪ್ರಯೋಗಿಸುವ ಕತೆಗೆ ಇದಕ್ಕಿಂತ ಒಳ್ಳೆಯ ಆಟ ಸಿಗುವುದಿಲ್ಲ. ಇದನ್ನು ಉಪಮೆ ಮಾಡಿ ವಿವರಿಸಲು ಹೋಗಬೇಡಿ. ಕಾಯಿ ತಿರುಗಿದ್ದನ್ನು ತೋರಿಸಿ, ಸಾಕು.

ಮಣೆಗಿಂತ ಮಣೆಯ ಸುತ್ತ ನಡೆಯುವುದು ಕತೆಗೆ ಜಾಸ್ತಿ ಉಪಯೋಗ. ಹಿರಿಯರು ಒಳಗಿನ ಗೌರವದ ಜಾಗದಲ್ಲಿ ಕೂರುತ್ತಾರೆ. ಕಾಯಿಪೆಟ್ಟಿಗೆ ತೆರೆಯುವವರು ಅವರೇ. ಎರಡು ರಾಜರ ಮೇಲೆ ಬರೆದ ಅಕ್ಷರದಲ್ಲಿ ಒಂದು ಚುಕ್ಕೆಯಷ್ಟೇ ವ್ಯತ್ಯಾಸ. ಚುಕ್ಕೆ ಇಲ್ಲದ್ದು ಹಿರಿಯರಿಗೆ, ಚುಕ್ಕೆ ಇದ್ದದ್ದು ಕಿರಿಯರಿಗೆ. ಹತ್ತು ವರ್ಷ ಚುಕ್ಕೆಯ ರಾಜನನ್ನೇ ಹಿಡಿದ ಶಿಷ್ಯನಿಗೆ ಈಗ ಪಟ್ಟ ಬಂದಿದೆ. ಶಿಶೋ ಎದುರು ಕೂತಿದ್ದಾರೆ. ಯಾರು ಎಲ್ಲಿ ಕೂರಬೇಕು? ಒಂದು ಪುಟ ಪೂರ್ತಿ ಇದನ್ನೇ ಬರೆಯಬಹುದು, ಇನ್ನೂ ಒಂದು ನಡೆಯೂ ಆಗಿರುವುದಿಲ್ಲ.

ಸೋತೆ ಅಂತ ಬಾಯಿಬಿಟ್ಟು ಹೇಳುವ ಗಳಿಗೆ

ಇದೇ ಕತೆಯ ಹೃದಯ. ಶೋಗಿಯಲ್ಲಿ ರಾಜನನ್ನು ಹೊಡೆಯುವವರೆಗೆ ಯಾರೂ ಕಾಯುವುದಿಲ್ಲ. ಸೋತವರು ತಾವೇ ತಲೆಬಾಗಿ "ಮಕೆಮಾಶಿತಾ", ಸೋತೆ, ಅನ್ನಬೇಕು. ಆಮೇಲೆ ಎದ್ದು ಹೋಗುವುದಿಲ್ಲ. ಇಬ್ಬರೂ ಅಲ್ಲೇ ಕೂತು ಆಟವನ್ನು ಮತ್ತೆ ಮೊದಲಿಂದ ಬಿಚ್ಚುತ್ತಾರೆ. ಎಲ್ಲಿ ತಪ್ಪಿತು, ಬೇರೆ ಏನು ಆಡಬಹುದಿತ್ತು. ಇದಕ್ಕೆ ಕನ್ಸೋಸೆನ್ ಅನ್ನುತ್ತಾರೆ. ಒಂದು ನಿಮಿಷದ ಹಿಂದೆ ನಿಮ್ಮನ್ನು ಮುಗಿಸಿದವನ ಜೊತೆ ಕೂತು, ನಿಮ್ಮ ಸೋಲನ್ನು ಒಟ್ಟಿಗೆ ಓದುವುದು.

ನನ್ನ ಮೊದಲ ಕತೆಯ ಕೊನೆ ಹೀಗಿತ್ತು:

"ಗುರುಗಳೇ, ನೀವು ಕಲಿಸಿದ ವಿದ್ಯೆಯಿಂದಲೇ ನಿಮ್ಮನ್ನು ಗೆದ್ದೆ, ಕ್ಷಮಿಸಿ" ಎಂದು ಅವನು ಕಾಲಿಗೆರಗಿದ. ಗುರುಗಳ ಕಣ್ಣಲ್ಲಿ ಆನಂದಬಾಷ್ಪ ತುಂಬಿತು.

ಅಜ್ಜನಿಗೆ ಇದನ್ನು ಜಪಾನಿ ಭಾಷೆಯಲ್ಲಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದರು: "ಕ್ಷಮೆ ಯಾಕೆ?" ಆಮೇಲೆ ನಾನು ಅದನ್ನು ಹೀಗೆ ತಿದ್ದಿದೆ:

ಶಿಶೋ ಬೀಸಣಿಗೆ ಮಡಚಿ ಪಕ್ಕಕ್ಕಿಟ್ಟರು. ಚಹಾ ಒಂದು ಗುಟುಕು ಕುಡಿದರು. ಅದು ಯಾವಾಗಲೋ ಆರಿತ್ತು. ಕೋಟಿನ ಗುಂಡಿ ಹಾಕಿಕೊಂಡರು. ಹುಡುಗ ಮಣೆಯಿಂದ ಕಣ್ಣೆತ್ತಲಿಲ್ಲ. ಗುಂಡಿ ಹಾಕುವ ಸದ್ದು ಕೇಳಿದ ಮೇಲೆ ಅವನಿಗೆ ಮುಂದಿನದು ಗೊತ್ತಾಗಿತ್ತು. ಶಿಶೋ ಬಲಗೈಯನ್ನು ಪೀಠದ ಕಾಯಿಗಳ ಮೇಲಿಟ್ಟರು.

"ಮಕೆಮಾಶಿತಾ."

ಹುಡುಗ ಅವರಿಗಿಂತ ಕೆಳಗೆ ಬಾಗಿದ. ಬಾಗಿಲು ಸರಿಯಿತು, ಪತ್ರಿಕೆಯವರು ಒಳಗೆ ಬಂದರು. ಶಿಶೋ 'ಬೆಳ್ಳಿ' ಅನ್ನುವ ಕಾಯಿಯೊಂದನ್ನು ಹಿಂದಿನ ಮನೆಗೆ ಸರಿಸಿ ಕೇಳಿದರು.

"ಇಲ್ಲಿ ನಾನು ಹಿಂದೆ ಬಂದಿದ್ದರೆ ನೀವು ಏನು ಆಡುತ್ತಿದ್ದಿರಿ?"

ಹುಡುಗ ಮೊದಲ ಬಾರಿಗೆ ತಲೆ ಎತ್ತಿದ.

ಆ 'ನೀವು' ನೋಡಿ. ಕತೆಯುದ್ದಕ್ಕೂ ಶಿಶೋ ಅವನನ್ನು 'ನೀನು' ಅಂದಿದ್ದಾರೆ. ಜಪಾನಿ ಭಾಷೆಯಲ್ಲಿ ಇದನ್ನು ಮಾಡುವ ದಾರಿಗಳು ಬೇರೆ. ಕನ್ನಡದಲ್ಲಿ ನಮಗೆ ಈ ಒಂದಕ್ಷರದ ಸೌಲಭ್ಯ ಇದೆ, ಬಳಸಿಕೊಳ್ಳಿ. ಆದರೆ ಕತೆಯಲ್ಲಿ ಒಂದೇ ಸಲ. ಹೊರಗೆ ರೈಲು ನಿಲ್ದಾಣದಲ್ಲಿ ಅದೇ ಶಿಶೋ "ಊಟ ಮಾಡಿದೆಯಾ?" ಅಂತ ಕೇಳಲಿ. ನೀನು ಮತ್ತೆ ಬರಲಿ.

ಒನ್‌ಗಾಯೇಶಿ ಯಾರಿಗೆ ಸಲ್ಲುತ್ತದೆ ಅನ್ನುವುದನ್ನೂ ಯೋಚಿಸಿ. ಸುಗಿಮೋತೋ ಅವರ ಸ್ವಂತ ಶಿಶೋ ಇತಾತಾನಿ ಸುಸುಮು. ನಗೋಯಾ ಸುತ್ತಿನ ತೋಕಾಯ್ ಸೀಮೆಗೆ ಒಂದು ದೊಡ್ಡ ಪಟ್ಟ ತರಬೇಕು ಅನ್ನುವುದು ಅವರ ಕನಸು. 1988ರಲ್ಲಿ, 47ನೇ ವಯಸ್ಸಿಗೆ ತೀರಿಕೊಂಡರು. ಸುಗಿಮೋತೋ ಆಗ ಇನ್ನೂ ಶೋರೇಕಾಯ್‌ನಲ್ಲಿದ್ದ ಹುಡುಗ. ತಮ್ಮ ಶಿಶೋವನ್ನು ಪಂದ್ಯದಲ್ಲಿ ಎದುರಿಸುವ ಅವಕಾಶ ಅವರಿಗೆ ಸಿಗಲೇ ಇಲ್ಲ. 2020ರ ಜುಲೈನಲ್ಲಿ 17 ವರ್ಷದ ಸೋತಾ ಮೊದಲ ಪಟ್ಟ ಗೆದ್ದಾಗ ಆ ಕನಸು 32 ವರ್ಷ ತಡವಾಗಿ, ಶಿಷ್ಯನ ಶಿಷ್ಯನ ಕೈಯಲ್ಲಿ ನಿಜವಾಯಿತು. 2018ರ ಆ ಗುರುವಾರ ಸುಗಿಮೋತೋ ಸೋತೆ ಅಂದಾಗ ಅವರು ಯಾರ ಮುಂದೆ ತಲೆ ಬಾಗಿಸಿದ್ದರು ಅಂತ ನಾನು ಈಗಲೂ ಕೇಳಿಕೊಳ್ಳುತ್ತೇನೆ. ನಿಮ್ಮ ಕತೆಯಲ್ಲೂ ಶಿಶೋಗೆ ಒಬ್ಬ ಶಿಶೋ ಇರಲಿ. ಒಂದು ಗೋಡೆಯ ಫೋಟೋ ಆದರೂ ಸರಿ.

ಕೊನೆಗೆ ಒಂದು ಸಣ್ಣ ಅಳತೆ ಹೇಳಿಕೊಡುತ್ತೇನೆ. ಶಿಶೋ ಎಷ್ಟು ಕಾಯಿ ತೆಗೆದಿಟ್ಟು ಆಡುತ್ತಾರೆ ಅನ್ನುವುದನ್ನು ಕತೆಯುದ್ದಕ್ಕೂ ಗಮನಿಸಿ ಬರೆಯಿರಿ. ಮೊದಲು ಆರು, ಆಮೇಲೆ ನಾಲ್ಕು, ಆಮೇಲೆ ಎರಡು. "ನಿನ್ನ ಮೇಲೆ ನಂಬಿಕೆ ಬಂದಿದೆ" ಅಂತ ಯಾರೂ ಹೇಳಬೇಕಾಗಿಲ್ಲ. ಒಂದು ದಿನ ಕಾಯಿ ತೆಗೆಯದೇ ಆಟ ಶುರುಮಾಡಿದರೆ ಓದುವವರಿಗೆ ತಿಳಿಯುತ್ತದೆ.

ನನ್ನ ಅಜ್ಜ ಕೊನೆಯವರೆಗೂ ಎರಡು ದೊಡ್ಡ ಕಾಯಿ ತೆಗೆದಿಟ್ಟೇ ಆಡಿದರು. 2019ರಲ್ಲಿ ನಾನು ಊರಿಗೆ ಹೊರಡುವ ಮೊದಲಿನ ಗುರುವಾರ ಗೆದ್ದೆ. ಅವರು ಅಂಗಿಯ ಕಾಲರ್ ಸರಿಮಾಡಿಕೊಂಡು, ಕೈ ಪೀಠದ ಮೇಲಿಟ್ಟು, ಪದ್ಧತಿಯ ಪ್ರಕಾರವೇ ಸೋತೆ ಅಂದರು. ನಾನು ಏನು ಹೇಳಬೇಕು ಅಂತ ಯೋಚಿಸುವಷ್ಟರಲ್ಲಿ ಕಾಯಿಗಳನ್ನು ಹಿಂದಕ್ಕೆ ಸರಿಸಿ, ಹನ್ನೊಂದು ನಡೆ ಮೊದಲೇ ಗೆಲ್ಲಬಹುದಾಗಿದ್ದ ಜಾಗ ತೋರಿಸಿದರು. ನಾನು ಒಪ್ಪಲಿಲ್ಲ. ಅವರೂ ಬಿಡಲಿಲ್ಲ. ಭವನದವರು ಬಂದು ಒಂದೊಂದೇ ದೀಪ ಆರಿಸುತ್ತಾ ನಮ್ಮ ಮೇಜಿನ ಹತ್ತಿರ ಬಂದಾಗಲೂ ನಾವು ಅದೇ ಒಂದು ಕಾಲಾಳಿನ ಬಗ್ಗೆ ವಾದ ಮಾಡುತ್ತಿದ್ದೆವು.